ಸೆಟ್ಟಾಯ್ತಾ ಮಾರ್ರೆ?

ಸೆಟ್ ದೋಸೆಯಲ್ಲಿ ಒಂದೇ ಒಂದು ದೋಸೆ ಸಾಕು ಅನ್ನುವವರು ಹೋಟೆಲಿನಲ್ಲಿ ಏನೆಂದು ಕೇಳಬೇಕು, ಹೇಳಿ ನೋಡುವ. ಬರೀ ದೋಸೆ ಅಂದರೆ ಗರಿಗರಿ ಸಾದಾ ದೋಸೆ ಬಂದು ಎದುರು ಕೂರುತ್ತದೆ. ಸೆಟ್ ಅಂದರೆ ಮೂರು ಬರುತ್ತವೆ, ಕೆಲವು ಕಡೆ ಎರಡು. ಅದಕ್ಕೇ ಜನ ‘ಸಿಂಗಲ್ ಸೆಟ್’ ಅನ್ನುತ್ತಾರೆ. ಮಾಣಿಯೂ ಒಳಗೆ ಮುಖ ಮಾಡಿ ‘ಒಂದು ಸಿಂಗಲ್ ಸೆಟ್’ ಎಂದು ಕೂಗುತ್ತಾನೆ. ಒಳಗಿನ ಭಟ್ಟರೂ ಹೂಂಗುಟ್ಟಿ ಕಾವಲಿಗೆ ಒಂದು ಸೌಟು ಹಿಟ್ಟು ಹೊಯ್ಯುತ್ತಾರೆ. ಒಂದೇ ಇದ್ದದ್ದು ಸೆಟ್ ಹೇಗಾದೀತು ಎಂದು ಇಷ್ಟು ವರ್ಷದಲ್ಲಿ ಉಡುಪಿಯ ಯಾವ ಹೋಟೆಲಿನಲ್ಲಾದರೂ ಯಾರಾದರೂ ತಕರಾರು ಎತ್ತಿದ್ದುಂಟಾ? ದೋಸೆ ಬಿಸಿ ಇರುವಾಗ ವ್ಯಾಕರಣ ಯಾರಿಗೆ ಬೇಕು, ಅಲ್ವಾ?

ಸೆಟ್ ದೋಸೆಯ ಸ್ವಭಾವವೇ ಬೇರೆ. ಅವಲಕ್ಕಿ ಸೇರಿಸಿ ಅರೆದ ಹಿಟ್ಟನ್ನು ಕಾವಲಿಗೆ ಹೊಯ್ದು, ಜಾಸ್ತಿ ಎಳೆಯದೆ ಹಾಗೇ ಬಿಟ್ಟರೆ ಮೈತುಂಬ ಕಣ್ಣು ಬಿಡುತ್ತದೆ. ಮುಚ್ಚಳ ಮುಚ್ಚಿ ಒಂದೇ ಮಗ್ಗುಲು ಬೇಯಿಸಿದರೆ ಆಯಿತು, ಬದಿಗೆ ಸಾಗು. ನಮ್ಮ ಮನೆಗಳ ನೀರುದೋಸೆಗೆ ಈ ಸೆಟ್ಟೂ ಇಲ್ಲ, ಗಿಟ್ಟೂ ಇಲ್ಲ. ಕೂತವನು ಸಾಕು ಅನ್ನುವ ತನಕ ಬರುತ್ತಾ ಇರುತ್ತದೆ. ಎಣಿಸಿದರೆ ಮನೆಯವರಿಗೆ ಬೇಸರ. ಇರಲಿ, ನಾನು ಹೇಳಹೊರಟದ್ದು ದೋಸೆಯ ವಿಷಯ ಅಲ್ಲವೇ ಅಲ್ಲ. ಈ ‘ಸೆಟ್’ ಅನ್ನುವ ಮಾತು ನಮ್ಮ ಊರುಗಳಲ್ಲಿ ಎಲ್ಲೆಲ್ಲಿ ನುಗ್ಗಿ ಕೂತಿದೆ ನೋಡಿ ಅಂತ.

ಇಂಗ್ಲಿಷಿನವರಿಗೇ ಇದೊಂದು ತಲೆನೋವು. 1989ರಲ್ಲಿ ಬಂದ ಆಕ್ಸ್‌ಫರ್ಡ್ ನಿಘಂಟಿನ ಎರಡನೇ ಆವೃತ್ತಿಯಲ್ಲಿ ‘ಸೆಟ್’ಗೆ 430 ಅರ್ಥ ಕೊಟ್ಟಿದ್ದಾರೆ. ಅಷ್ಟನ್ನು ವಿವರಿಸುವುದಕ್ಕೆ ಹತ್ತಿರ ಹತ್ತಿರ 60,000 ಪದ ಹಿಡಿದಿದೆ. ಮುಂದಿನ ಆವೃತ್ತಿಗೆ ಕೆಲಸ ಶುರು ಮಾಡಿದ ಮೇಲೆ ‘ರನ್’ ಅನ್ನುವ ಪದ 645 ಅರ್ಥದೊಂದಿಗೆ ಅದನ್ನು ದಾಟಿಹೋಯಿತು. ಓಡುವವನು ಕೂತವನನ್ನು ದಾಟದೆ ಇರುತ್ತಾನಾ, ಹೇಳಿ! ನಮ್ಮಲ್ಲೂ ನಿಘಂಟಿನ ಸಾಹಸಕ್ಕೆ ಏನೂ ಕಡಿಮೆ ಇಲ್ಲ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಕೂತು ಯು.ಪಿ. ಉಪಾಧ್ಯಾಯರೂ ಅವರ ಬಳಗದವರೂ 1988ರಿಂದ 1997ರ ಒಳಗೆ ತುಳು ನಿಘಂಟಿನ ಆರು ಸಂಪುಟ ಹೊರತಂದರು. ಈಗ ಯಾರಾದರೂ ಏಳನೆಯದಕ್ಕೆ ಕೈ ಹಾಕಿದರೆ ಈ ಸೆಟ್ಟಿಗೇ ಒಂದೆರಡು ಪುಟ ಬಿಡಬೇಕಾದೀತು. ಎಲ್ಲದಕ್ಕಿಂತ ಮೊದಲು ಬರೆಯಬೇಕಾದ ಅರ್ಥ ನನ್ನ ಪ್ರಕಾರ ಹಲ್ಲು.

ಹೌದು, ಹಲ್ಲುಸೆಟ್ಟು. ನಮ್ಮ ಕಡೆ ಹಿರಿಯರು ‘ಸೆಟ್ ಹಾಕಿಸಿಕೊಂಡೆ’ ಅಂದರೆ ಅದು ಹಲ್ಲಲ್ಲದೆ ಬೇರೆ ಅಲ್ಲ. ಮಣಿಪಾಲದಲ್ಲಿ ದಂತವೈದ್ಯಕೀಯ ಕಾಲೇಜು ಶುರುವಾದದ್ದು 1965ರಲ್ಲಿ. ಹಾಗಾಗಿ ಘಟ್ಟದ ಮೇಲಿನ ಅಜ್ಜಂದಿರಿಗೆ ಹಲ್ಲು ಕಟ್ಟಿಸುವುದು ಎಂದರೆ ದೊಡ್ಡ ಸಾಹಸವಾಗಿದ್ದ ಕಾಲದಲ್ಲೇ ಇಲ್ಲಿನವರಿಗೆ ಅದು ಬಸ್ಸು ಹತ್ತಿ ಇಳಿಯುವಷ್ಟು ದೂರದ ಕೆಲಸ. ನಮ್ಮ ಆಚೆಮನೆ ಅಕ್ಕನ ಮಾವ ಇದ್ದರಲ್ಲ, ಅವರ ಸೆಟ್ಟಿನ ಕತೆ ನಿಮಗೆ ಹೇಳಲಿಲ್ಲವಾ? ಗುಲಾಬಿ ಬಣ್ಣದ ಎಂಥದೋ ಮೆತ್ತನೆಯ ಹಿಟ್ಟು ಕಲಸಿ ತಟ್ಟೆಯೊಂದರಲ್ಲಿ ತುಂಬಿ ಬಾಯಿಗೆ ಒತ್ತಿ ಹಿಡಿಯುತ್ತಾರೆ, ಅಚ್ಚು ತೆಗೆಯುವುದಕ್ಕೆ. ಕಲಿಯುವ ಹುಡುಗಿ ಹಿಡಿದುಕೊಂಡು ‘ಸೆಟ್ಟಾಗ್ಲಿ ಅಜ್ಜ, ಸೆಟ್ಟಾಗ್ಲಿ, ಈಗ ಮಾತಾಡ್ಬೇಡಿ’ ಅನ್ನುತ್ತಾಳೆ. ಅಜ್ಜನಿಗೆ ಆಗಲೇ ಮಾತು ಬರಬೇಕು! ಬಾಯಿ ತುಂಬ ಹಿಟ್ಟು, ಮೂಗಿನಲ್ಲೇ ಸ್ವರ, ಕೈಸನ್ನೆಯಲ್ಲೇ ಆ ಹುಡುಗಿಯ ಊರು ಯಾವುದು, ತಂದೆ ಏನು ಮಾಡಿಕೊಂಡಿದ್ದಾರೆ ಎಲ್ಲ ವಿಚಾರಿಸಿದರಂತೆ. ಮತ್ತೆ ನಾಲ್ಕಾರು ಸಲ ಹೋಗಿ ಬಂದು, ಕಚ್ಚಿ ತೋರಿಸಿ, ಮೇಲಿಂದೊಂದು ಕೆಳಗಿಂದೊಂದು ಅಂತೂ ಹಲ್ಲು ಬಂತು.

ಬಂದದ್ದೇನೋ ಸರಿ, ಅಜ್ಜ ಅದನ್ನು ಹಾಕುತ್ತಿದ್ದದ್ದು ಮದುವೆಗೆ, ಫೋಟೋಕ್ಕೆ ಮತ್ತು ಬ್ಯಾಂಕಿಗೆ ಹೋಗುವಾಗ ಮಾತ್ರ. ಊಟಕ್ಕೆ ಕೂತ ಕೂಡಲೇ ತೆಗೆದು ಲೋಟದ ನೀರಿಗೆ ಬಿಡುವುದು. ‘ಮಾವ, ಹಲ್ಲು ಕಟ್ಟಿಸಿದ್ದೇ ತಿನ್ನಲಿಕ್ಕಲ್ವಾ?’ ಅಂದರೆ ‘ತಿನ್ನಲಿಕ್ಕೆ ಇದು ಅಡ್ಡ ಬರ್ತದೆ ಮಗಾ’ ಅನ್ನುತ್ತಿದ್ದರು. ಇನ್ನೊಂದು ತಾಪತ್ರಯವೂ ಇತ್ತು. ಹಲ್ಲು ಹಾಕಿದರೆ ‘ಸ’ ಹೇಳುವಾಗ ಸಿಳ್ಳೆ ಬರುತ್ತಿತ್ತು. ‘ಸೆಟ್’ ಅನ್ನಹೋದರೆ ‘ಶೆಟ್’ ಆಗುವುದು. ಒಮ್ಮೆ ಹೋಟೆಲಿನಲ್ಲಿ ‘ಒಂದು ಶೆಟ್ಟು’ ಅಂದದ್ದಕ್ಕೆ ಗಲ್ಲಾಪೆಟ್ಟಿಗೆಯಿಂದ ಶೆಟ್ರೇ ಎದ್ದು ಬಂದು ‘ಎಂಥ ಬೇಕಿತ್ತು ಅಜ್ಜೇರೆ?’ ಎಂದು ಕೇಳಿದರಂತೆ. ಅಕ್ಕ ಇದಕ್ಕೆ ಸ್ವಲ್ಪ ಉಪ್ಪು-ಖಾರ ಹಾಕಿರಬಹುದು ಅನ್ನಿ. ಆದರೆ ನಮ್ಮ ಊರಿನಲ್ಲಿ ನಡೆಯದೆ ಇರುವಂಥದ್ದೂ ಅಲ್ಲ.

ಶೆಟ್ರು ಅಂದಾಗ ವಾಲಿಬಾಲ್ ನೆನಪಾಗದೆ ಇರುವುದಿಲ್ಲ. ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟ ಅಂತ ಬ್ಯಾನರ್ ಕಟ್ಟದ ಊರು ಕಾಪುವಿನಿಂದ ಕಾರ್ಕಳದ ತನಕ ಹುಡುಕಿದರೂ ಸಿಗಲಿಕ್ಕಿಲ್ಲ. ಗದ್ದೆ ಕೊಯ್ಲಾದ ಮೇಲೆ ನಾಲ್ಕು ಕಂಬ ನೆಟ್ಟು, ಬಲ್ಬು ತೂಗಿಸಿ, ರಾತ್ರಿಯಿಡೀ ಆಟ. ಚೆಂಡನ್ನು ಮೇಲೆತ್ತಿ ಹೊಡೆಯುವವನಿಗೆ ಒದಗಿಸುವವನು ಸೆಟ್ಟರ್. ನಮ್ಮ ಊರಿನ ತಂಡದಲ್ಲಿ ಆ ಜಾಗಕ್ಕೆ ಯಾವಾಗಲೂ ಒಬ್ಬ ಶೆಟ್ಟರೇ ನಿಲ್ಲುತ್ತಿದ್ದುದರಿಂದ ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುವವನಿಗೆ ಭಾರೀ ಕಷ್ಟ. ‘ಶೆಟ್ಟರು ಸೆಟ್ಟರ್, ಸೆಟ್ಟರ್ ಶೆಟ್ಟರು’ ಎಂದು ನಾಲಗೆ ಹೊರಳಿ ಹೊರಳಿ ಕೊನೆಗೆ ‘ಅವರೇ’ ಎಂದುಬಿಡುತ್ತಿದ್ದ. ಮೊದಲೆಲ್ಲ ಸರ್ವಿಸ್ ಇದ್ದವರಿಗೆ ಮಾತ್ರ ಪಾಯಿಂಟು, ಸೆಟ್ಟಿಗೆ ಹದಿನೈದು. ಒಂದು ಸೆಟ್ ಮುಗಿಯುವುದರೊಳಗೆ ಚುರುಮುರಿಯವನ ಬುಟ್ಟಿ ಖಾಲಿಯಾಗುತ್ತಿತ್ತು. ತೊಂಬತ್ತರ ದಶಕದ ಕೊನೆಗೆ ನಿಯಮ ಬದಲಾಗಿ ಪ್ರತಿ ಚೆಂಡಿಗೂ ಪಾಯಿಂಟು ಬಂತು, ಸೆಟ್ಟು ಇಪ್ಪತ್ತೈದಕ್ಕೆ ಹೋಯಿತು, ಕೊನೆಯದು ಮಾತ್ರ ಹದಿನೈದು. ಆಟ ಚುರುಕಾಯಿತು ಅಂತಾರೆ. ನನಗೇನೋ ಆ ಹಳೆಯ, ಮುಗಿಯದ ಸೆಟ್ಟೇ ಚಂದ ಇತ್ತು. ಮುಗಿಯಬೇಕು ಅಂತ ಯಾರಿಗೆ ಅವಸರ ಇತ್ತು?

ಇನ್ನು ಟಿವಿ ಸೆಟ್ಟು. 1987ರಲ್ಲಿ ರಾಮಾಯಣ ಶುರುವಾದಾಗ ಇಡೀ ವಠಾರಕ್ಕೆ ಒಂದು ಸೆಟ್ ಇದ್ದರೆ ಹೆಚ್ಚು. ಭಾನುವಾರ ಬೆಳಿಗ್ಗೆ ಆ ಮನೆಯ ಚಾವಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮರದ ಪೆಟ್ಟಿಗೆ, ಎಳೆಯುವ ಬಾಗಿಲು, ಬಾಗಿಲಿಗೆ ಬೀಗ. ಪೆಟ್ಟಿಗೆಯ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂದಾನಿ. ಆಮೇಲೆ ಸೆಟ್‌ಟಾಪ್ ಬಾಕ್ಸ್ ಬಂತು, ಹೂದಾನಿಯನ್ನು ಎಬ್ಬಿಸಿ ತಾನು ಕೂತಿತು. ಅದರ ಸುಖವೂ ಹೆಚ್ಚು ದಿನ ಇರಲಿಲ್ಲ ನೋಡಿ. ಈಗಿನ ಟಿವಿ ಗೋಡೆಗೆ ಅಂಟಿಕೊಂಡು ತೆಳ್ಳಗಾಗಿದೆ, ಅದರ ತಲೆಯ ಮೇಲೆ ಬೆಂಕಿಪೊಟ್ಟಣ ಇಡಲಿಕ್ಕೂ ಜಾಗ ಇಲ್ಲ. ಹಾಗಾಗಿ ಸೆಟ್ಟಿನ ಮೇಲಿರಬೇಕಾದ ಬಾಕ್ಸು ಸೆಟ್ಟಿನ ಕೆಳಗೆ. ಹೆಸರು ಮಾತ್ರ ಅದೇ. ಸೆಟ್ ಅನ್ನುವುದನ್ನೂ ಈಗ ಯಾರೂ ಹೇಳುವುದಿಲ್ಲ, ಬರೀ ಟಿವಿ.

ಪಂಪ್‌ಸೆಟ್ಟಿನಲ್ಲಿ ಮಾತ್ರ ಅದು ಗಟ್ಟಿಯಾಗಿ ಉಳಿದಿದೆ. ಕಾರ್ಕಳದ ಕಡೆ ತೋಟ ಇರುವವರ ಹತ್ತಿರ ಬೇಸಗೆಯಲ್ಲಿ ಮಾತಾಡಿ ನೋಡಿ, ಮಾತಿಗೆ ಮೊದಲು ‘ಥ್ರೀ ಫೇಸ್ ಬಂತಾ?’ ಎಂಬ ಪ್ರಶ್ನೆ ಬರುತ್ತದೆ. ಮೆಸ್ಕಾಂನವರ ಕಾಗದದಲ್ಲಿ ಅದು ಐಪಿ ಸೆಟ್. ಹತ್ತು ಎಚ್‌ಪಿ ತನಕ ಕರೆಂಟು ಪುಕ್ಕಟೆ. ಪುಕ್ಕಟೆಯ ಕರೆಂಟು ಬರುವ ಹೊತ್ತಿಗೆ ನಾವು ಎದ್ದಿರಬೇಕು, ಅಷ್ಟೇ! ನಡುರಾತ್ರಿ ಸ್ಟಾರ್ಟರಿನ ‘ಠಕ್’ ಸದ್ದಿಗೆ ಎಚ್ಚರಾಗಿ, ಬ್ಯಾಟರಿ ಹಿಡಿದು ತೋಟಕ್ಕೆ ಇಳಿಯುವ ನಂಟರೊಬ್ಬರು ನಮಗಿದ್ದಾರೆ. ಅವರಿಗೆ ಹೆಂಡತಿ ಕರೆದರೂ ಎಚ್ಚರ ಆಗುವುದಿಲ್ಲವಂತೆ. ಅದಿರಲಿ.

ಈಗಿನ ಹುಡುಗರ ಸೆಟ್ ಇದ್ಯಾವುದೂ ಅಲ್ಲ. ಅವರಿಗೆ ಅದು ವಸ್ತುವೇ ಅಲ್ಲ, ಆಗುವಂಥದ್ದು. ರೂಮು ಸೆಟ್ಟಾಯ್ತಾ, ಕೆಲಸ ಸೆಟ್ಟಾಯ್ತಾ, ಹೊಸ ಮ್ಯಾನೇಜರ್ ಸೆಟ್ಟಾದ್ನಾ. ಆಗದಿದ್ದರೆ ‘ನಂಗೆ ಸೆಟ್ಟಾಗ್ಲಿಲ್ಲ’, ಮುಗಿಯಿತು, ಬೇರೆ ಕಾರಣ ಕೊಡಬೇಕಾಗಿಲ್ಲ. ಹಿಂದೆ ಇದನ್ನೇ ಹೇಳಲು ಒಗ್ಗಲಿಲ್ಲ, ಹೊಂದಲಿಲ್ಲ, ಕೂಡಿಬರಲಿಲ್ಲ, ಸರಿಹೋಗಲಿಲ್ಲ ಅಂತ ಎಷ್ಟೊಂದು ಇದ್ದವು. ನೀರು ಒಗ್ಗಲಿಲ್ಲ, ಸೊಸೆ ಹೊಂದಲಿಲ್ಲ, ಸಂಬಂಧ ಕೂಡಿಬರಲಿಲ್ಲ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ಮನೆಯಲ್ಲಿ ಜಗಳವೇ ಆದೀತು. ಈಗ ಎಲ್ಲಕ್ಕೂ ಒಂದೇ. ಕೇಳುವವನಿಗೆ ಅರ್ಧ ಗೊತ್ತಾಗುತ್ತದೆ, ಉಳಿದರ್ಧ ಅವನೇ ಊಹಿಸಿಕೊಳ್ಳಬೇಕು. ನನಗೆ ಇದು ಸೋಮಾರಿತನ ಅಂತಲೇ ತೋರುತ್ತದೆ.

ಆದರೂ ಒಂದು ವಿಷಯ ಒಪ್ಪಬೇಕು. ನಮ್ಮದು ಒಂದೇ ಭಾಷೆಯ ಊರಲ್ಲವಲ್ಲ. ಒಂದೇ ಅಂಗಡಿಯ ಕಟ್ಟೆಯಲ್ಲಿ ತುಳುವಿನವರು ‘ಸೆಟ್ ಆಂಡಾ?’ ಅನ್ನುತ್ತಾರೆ, ಕುಂದಾಪುರದ ಕಡೆಯವರು ‘ಸೆಟ್ ಆಯ್ತ್ ಕಾಣಿ’ ಅನ್ನುತ್ತಾರೆ, ಕೊಂಕಣಿಯವರು ಅವರ ರಾಗದಲ್ಲಿ ಅದನ್ನೇ ಹೇಳುತ್ತಾರೆ. ಮಣಿಪಾಲದ ಟೈಗರ್ ಸರ್ಕಲ್ಲಿಗೆ ಹೋದರೆ ಎಲ್ಲೆಲ್ಲಿಯದೋ ಊರಿನ ಹುಡುಗರು ‘ಸೆಟ್ ಹೈ ಭಯ್ಯಾ’ ಅನ್ನುತ್ತಾರೆ. ನಮ್ಮ ಹಿರಿಯಡ್ಕದ ಕಡೆಯ ರಿಕ್ಷಾದವರೂ ಅಷ್ಟೇ ಸಲೀಸಾಗಿ ‘ಸೆಟ್ ಹೈ’ ಎಂದು ಮೀಟರಿಗೆ ಕೈ ಹಾಕದೆ ಹೊರಡುತ್ತಾರೆ. ಹಿಂದಿ ಅಷ್ಟೇ ಸಾಕು ಅವರಿಗೆ, ಬಾಡಿಗೆ ಸೆಟ್ಟಾಯಿತಲ್ಲ!

ಮದುವೆ ದಲ್ಲಾಳಿಗಳ ಬಾಯಲ್ಲಿ ಈ ಮಾತು ಬಂದದ್ದು ನನಗೆ ಇನ್ನೂ ತಮಾಷೆ. ಮೊದಲು ‘ಜಾತಕ ಕೂಡಿತು’ ಅನ್ನುತ್ತಿದ್ದವರು ಈಗ ಫೋನಿನಲ್ಲೇ ‘ಸೆಟ್ಟಾಯ್ತು’ ಅನ್ನುತ್ತಾರೆ. ಕೂಡುವುದಾದರೂ ಏನು? ಗಣ. ದೇವಗಣ, ಮನುಷ್ಯಗಣ, ರಾಕ್ಷಸಗಣ. ಶಾಲೆಯ ಗಣಿತ ಪುಸ್ತಕ ತೆರೆದು ನೋಡಿ, ಇಂಗ್ಲಿಷಿನ ಸೆಟ್ಟಿಗೆ ಕನ್ನಡದಲ್ಲಿ ಕೊಟ್ಟದ್ದೂ ‘ಗಣ’ ಎಂದೇ. ಗಣ ಕೂಡಿದ್ದಕ್ಕೆ ಸೆಟ್ಟಾಯ್ತು ಅಂದರೆ ದಲ್ಲಾಳಿಯ ಲೆಕ್ಕ ಸರಿಯಾಗಿಯೇ ಇದೆ ಅಂತಾಯಿತು, ಅವನಿಗೆ ಗೊತ್ತಿಲ್ಲದೇ ಹೋದರೂ. ಅದೇ ಪುಸ್ತಕದ ಪ್ರಕಾರ ಒಂದೇ ಅಂಶ ಇದ್ದರೂ ಅದು ಗಣವೇ. ಅಂದರೆ ಸಿಂಗಲ್ ಸೆಟ್ ಎಂದು ಕೂಗುವ ಮಾಣಿಯೂ ತಪ್ಪಿಲ್ಲ. ಏನೂ ಇಲ್ಲದಿದ್ದರೆ ಶೂನ್ಯ ಗಣ. ಹನ್ನೊಂದು ಗಂಟೆಯ ಮೇಲೆ ಹೋಟೆಲಿಗೆ ಹೋದರೆ ಸಿಗುವುದು ಅದು. ಹೆಣ್ಣಿನವರು ಗಂಡಿನವರು ಇಬ್ಬರಿಗೂ ಒಪ್ಪಿಗೆಯಾದ ಮೇಲೆ ಬೇರೆ ಸೆಟ್ಟುಗಳು ಸಾಲಾಗಿ ಬರುತ್ತವೆ. ನೆಕ್ಲೆಸ್ ಸೆಟ್ಟು, ಬಳೆ ಸೆಟ್ಟು, ಮೈಕ್ ಸೆಟ್ಟು, ದಿಬ್ಬಣಕ್ಕೆ ಬ್ಯಾಂಡ್ ಸೆಟ್ಟು. ಹುಡುಗ ದುಬೈಯಲ್ಲೋ ಮುಂಬಯಿಯಲ್ಲೋ ‘ಸೆಟ್ಲ್’ ಆಗಿರಬೇಕು ಬೇರೆ. ಅದು ಬೇರೆಯೇ ಪದ ಅನ್ನುತ್ತೀರಾ? ನಮ್ಮ ಅಕ್ಕನಿಗೆ ಎರಡೂ ಒಂದೇ. ‘ಒಬ್ಬ ಮಗ ಸೆಟ್ಲಾದ, ಇನ್ನೊಬ್ಬನಿಗೆ ಎಲ್ಲಿಯೂ ಸೆಟ್ಟಾಗುವುದಿಲ್ಲ’ ಅನ್ನುತ್ತಾರೆ.

ಕಾಂತಾರ ಬಂದ ಮೇಲೆ ಸಿನಿಮಾದ ಸೆಟ್ಟೂ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. 2022ರ ಆ ಸಿನಿಮಾಕ್ಕೆ ರಿಷಬ್ ಶೆಟ್ಟರು ತಮ್ಮ ಕೆರಾಡಿಯಲ್ಲೇ ಸೆಟ್ ಹಾಕಿದ್ದರು. ಇದರಲ್ಲೂ ಶೆಟ್ಟರೇ ಬಂದರು ನೋಡಿ. ಆದರೆ ರಾತ್ರಿಯಿಡೀ ಆಟ ನೋಡಿ ಬೆಳೆದ ನಮಗೆ ಸೆಟ್ ಅನ್ನುವುದು ಯಾತಕ್ಕೆ ಬೇಕಿತ್ತು ಹೇಳಿ. ಯಕ್ಷಗಾನದಲ್ಲಿ ಇರುವುದು ಒಂದು ರಥ, ರಥ ಅಂದರೆ ಬಟ್ಟೆ ಹೊದೆಸಿದ ಮಣೆ. ದೇವೇಂದ್ರ ಕೂತರೆ ಸಿಂಹಾಸನ, ಅರ್ಜುನ ಹತ್ತಿದರೆ ತೇರು, ಯಾರೂ ಇಲ್ಲದಾಗ ಅದರ ಬದಿಗೆ ನಿದ್ದೆ ತೂಗುವ ಮಕ್ಕಳು. ಕಾಡು, ಅರಮನೆ, ಸ್ವರ್ಗ ಎಲ್ಲವನ್ನೂ ಭಾಗವತರು ಬಾಯಲ್ಲೇ ಕಟ್ಟುತ್ತಾರೆ, ಒಂದು ಮೊಳೆ ಹೊಡೆಯದೆ.

ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿ ಇದರ ತಿರುಗುಮುರುಗು. ವಿಜಯನಾಥ ಶೆಣೈ ಅವರು ಬಿದ್ದುಹೋಗಲಿದ್ದ ಹಳೆಯ ಮನೆಗಳನ್ನು ಊರೂರು ಹುಡುಕಿ, ಮರಮಟ್ಟು ಬಿಡಿಸಿ ತಂದು, ಮತ್ತೆ ನಿಲ್ಲಿಸಿದ ಜಾಗ ಅದು. ಕುಂಜೂರಿನ ಚೌಕಿಮನೆ, ಕಾರ್ಕಳದ ಬದಿಯ ಮಿಯಾರಿನ ಮನೆ, ಎಲ್ಲ ನಿಜವಾದ ಮನೆಗಳೇ. ಆದರೂ ನೋಡಲು ಬಂದವರೊಬ್ಬರು ಮಿಯಾರು ಮನೆಯ ಕಂಬಕ್ಕೆ ಬೆರಳಲ್ಲಿ ತಟ್ಟಿ ‘ಸೆಟ್ ಬಹಳ ಚೆನ್ನಾಗಿ ಹಾಕಿದ್ದಾರೆ, ಯಾವ ಪಿಕ್ಚರಿಗೆ?’ ಎಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ. ಕಂಬ ‘ಟಣ್’ ಅನ್ನಲಿಲ್ಲ, ಮರದ ಕಂಬ ಕೊಡುವ ಸದ್ದನ್ನೇ ಕೊಟ್ಟಿತು. ಅವರಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಪ್ರವಾಸಕ್ಕೆ ಬರುವವರ ಲೆಕ್ಕವೇ ಬೇರೆ ಬಿಡಿ. ಶ್ರವಣಬೆಳಗೊಳ, ಕಾರ್ಕಳ, ವೇಣೂರು, ಧರ್ಮಸ್ಥಳ, ನಾಲ್ಕೂ ಕಡೆಯ ಗೊಮ್ಮಟ ನೋಡಿದರೆ ‘ಒಂದು ಸೆಟ್’ ಆಯಿತು ಅನ್ನುತ್ತಾರೆ. ಕಾರ್ಕಳದ 42 ಅಡಿಯ ಗೊಮ್ಮಟ 1432ರಿಂದ ಒಬ್ಬನೇ ಗುಡ್ಡದ ಮೇಲೆ ನಿಂತಿದ್ದಾನೆ. ಧರ್ಮಸ್ಥಳದವನು ಹುಟ್ಟಿದ್ದೂ ಕಾರ್ಕಳದಲ್ಲೇ, ರೆಂಜಾಳ ಗೋಪಾಲ ಶೆಣೈಯವರ ಉಳಿಯಲ್ಲಿ. ಆಮೇಲೆ ಅಲ್ಲಿಗೆ ಸಾಗಿಸಿದ್ದು. ಎಲ್ಲವನ್ನೂ ಬಿಟ್ಟು ನಿಂತವನನ್ನು ಸೆಟ್ಟಿಗೆ ಸೇರಿಸುವವರ ಧೈರ್ಯ ಮೆಚ್ಚಬೇಕು.

ಸಂಜೆಯಾದರೆ ಅದೇ ಜನ ಕಾಪುವಿನಲ್ಲಿ. ಬಂಡೆಯ ಮೇಲೆ 1901ರಿಂದ ದೀಪ ತೋರಿಸುತ್ತಿರುವ ಲೈಟ್‌ಹೌಸ್ ಇದೆಯಲ್ಲ, ಅದರ ಬುಡದಲ್ಲಿ ಫೋನು ಎತ್ತಿ ಹಿಡಿದು ಸನ್‌ಸೆಟ್‌ಗೆ ಕಾಯುವುದು. ಮಳೆಗಾಲ ಬಿಟ್ಟು ಉಳಿದೆಲ್ಲ ದಿನ ಸೂರ್ಯ ಕಂತುತ್ತಾನೆ, ಅವನಿಗೇನೂ ಬೇರೆ ಕೆಲಸ ಇಲ್ಲ. ಆದರೂ ಕೊನೆಗಳಿಗೆಯಲ್ಲಿ ಒಂದು ತುಂಡು ಮೋಡ ಅಡ್ಡ ಬಂದರೆ ‘ಛೇ, ಸೆಟ್ಟಾಗ್ಲಿಲ್ಲ’ ಅಂತ ಒಬ್ಬ ಹುಡುಗ ಅಂದ. ಫೋಟೋ ಸೆಟ್ಟಾಗಲಿಲ್ಲವೋ ಸೂರ್ಯನೇ ಸೆಟ್ಟಾಗಲಿಲ್ಲವೋ ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ಬಲೆ ಸರಿಮಾಡುತ್ತಾ ಕೂತಿದ್ದ ಮೊಗವೀರ ಅಣ್ಣ ಒಬ್ಬರು ತಲೆ ಎತ್ತಿ ಸಹ ನೋಡಲಿಲ್ಲ.

ಅಲ್ಲಿಂದ ಬರುವಾಗ ಕಟಪಾಡಿಯಲ್ಲಿ ಒಳಗೆ ತಿರುಗಿದರೆ ಶಂಕರಪುರ. ಇಡೀ ಪೇಟೆಯಲ್ಲಿ ಸೆಟ್ ಅನ್ನುವ ಮಾತು ಒಳಗೆ ಬರಲಿಕ್ಕಾಗದ ಒಂದು ವ್ಯಾಪಾರ ಇದ್ದರೆ ಅದು ಶಂಕರಪುರದ ಮಲ್ಲಿಗೆಯದ್ದು. ಹೂವು ಎಷ್ಟು ಅಂದರೆ ಕೈ ಅಳತೆಯಲ್ಲ, ಕಿಲೋ ಅಲ್ಲ, ಸೆಟ್ಟಂತೂ ಅಲ್ಲವೇ ಅಲ್ಲ. 800 ಮೊಗ್ಗು ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಂದರೆ 3,200. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಹೆಂಗಸರು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. ನಾರು ಒದ್ದೆಯಾಗಿರಬೇಕು, ಗಂಟು ಬಿಗಿಯಬೇಕು, ಮೊಗ್ಗಿನ ಕುತ್ತಿಗೆ ಮುರಿಯಬಾರದು. ಎಣಿಸುತ್ತಾ ಎಣಿಸುತ್ತಾ ಮಗಳ ಮಾರ್ಕು, ಪಕ್ಕದ ಮನೆಯ ಜಗಳ ಎಲ್ಲ ಮಾತಾಡಿ ಮುಗಿಸುತ್ತಾರೆ. ಲೆಕ್ಕ ತಪ್ಪುವುದಿಲ್ಲ, ಹೇಗೆ ಎಂದು ನನ್ನನ್ನು ಕೇಳಬೇಡಿ. ಆ ದಿನದ ದರ ಕಟ್ಟೆಯಲ್ಲಿ ನಿಗದಿಯಾಗಿ ಊರೂರಿಗೆ ಹೋಗುತ್ತದೆ. ಮದುವೆ ಸೀಸನ್ನಿನಲ್ಲಿ ಅಟ್ಟೆಗೆ ಎರಡು ಸಾವಿರ ದಾಟಿದ್ದೂ ಉಂಟು, ಆಷಾಢದಲ್ಲಿ ಕೇಳುವವರಿಲ್ಲದೆ ಇಳಿದದ್ದೂ ಉಂಟು. ಮುಂಬಯಿಗೆ ಹೋದವರೂ ಚೆಂಡು, ಅಟ್ಟೆ ಎಂದೇ ಕೇಳುತ್ತಾರೆ. ಸೆಟ್ ದೋಸೆಗೆ ಎರಡೋ ಮೂರೋ ಎಂದು ಹೋಟೆಲಿಗೊಂದು ಲೆಕ್ಕ ಇದ್ದೀತು, ಅಟ್ಟೆ ಎಲ್ಲಿ ಹೋದರೂ ನಾಲ್ಕು ಚೆಂಡೇ. ಒಂದು ಮೊಗ್ಗು ಕಮ್ಮಿಯಾದರೂ ಹೂವಿನಂಗಡಿಯವರ ಬೆರಳಿಗೆ ಗೊತ್ತಾಗುತ್ತದೆ ಅಂತಾರೆ ನಮ್ಮ ಅಕ್ಕ. ಅಕ್ಕನ ಮಾತು, ನಿಮಗೆ ಗೊತ್ತಲ್ಲ.

ಹೌದು, ಹೂವು ಅಂದಾಗ ನೆನಪಾಯಿತು. ಅವರ ಎರಡನೇ ಮಗನದ್ದು ಅಂತೂ ಸೆಟ್ಟಾಯಿತಂತಲ್ಲ, ನಾಡಿದ್ದು ನಿಶ್ಚಿತಾರ್ಥ. ನಮಗೂ ಒಂದೆರಡು ಚೆಂಡು ಹೇಳಿಡಬೇಕಿತ್ತು. ಇವತ್ತಿನ ಪೇಪರು ನಿಮ್ಮಲ್ಲಿಗೆ ಬಂತಾ? ಅಟ್ಟೆಗೆ ಎಷ್ಟಂತೆ, ಒಮ್ಮೆ ನೋಡಿ ಹೇಳಿ ಮಾರ್ರೆ.